ಗದಗ ಗಾಳಿವಲಯದ ಒಬ್ಬನೇ ಪರೀಕ್ಷಕ

ಹೆಂಡತಿಗೆ ಪರೀಕ್ಷಕನನ್ನು ಹುಡುಕಿಕೊಡುವ ಕೆಲಸವನ್ನು ಫಕೀರೇಶ ತಾನಾಗಿಯೇ ಮೈಮೇಲೆ ಎಳೆದುಕೊಂಡಿದ್ದ. ಅವನನ್ನು ಯಾರೂ ಕೇಳಿರಲಿಲ್ಲ. "ನೀ ಡ್ರೋನ್ ಹಾರಿಸೋದು ಕಲಿ, ಉಳಿದದ್ದು ನಾ ನೋಡ್ಕೋತೀನಿ" ಎಂದು ದೊಡ್ಡ ಮನುಷ್ಯನ ಹಾಗೆ ಹೇಳಿಬಿಟ್ಟಿದ್ದ. ಈಗ ನಿಯಂತ್ರಣ ಕೊಠಡಿಯಲ್ಲಿ ಕುಳಿತು ಪರದೆಯ ಮೇಲೆ ಮಾನ್ಯತೆ ಪಡೆದ ಸ್ಥಳೀಯ ಪರೀಕ್ಷಕರ ಪುಟ ತೆರೆದರೆ, ಗದಗ ಗಾಳಿವಲಯದ ಕೆಳಗೆ ಒಂದೇ ಒಂದು ಹೆಸರು: ರಾಚಣ್ಣ ಸೊಪ್ಪಿನ. ಪುಟ ಮುಚ್ಚಿ ಮತ್ತೆ ತೆರೆದ. ಹೆಸರು ಅಲ್ಲೇ ಇತ್ತು, ಪಕ್ಕದಲ್ಲಿ ನಗುಮುಖದ ಫೋಟೊ ಬೇರೆ.

"ಹಾಳಾಗಿ ಹೋಗ್ಲಿ!" ಎಂದ.

ಪಕ್ಕದ ಕುರ್ಚಿಯಲ್ಲಿದ್ದ ಮಾಬೂಬಿ ಅಕ್ಕ ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿದಳು. ಕೊಠಡಿಗೆಲ್ಲ ಹಿರಿಯಳು, ಯಾರಿಗೂ ಹೆದರದವಳು. "ಯಾರು ಹಾಳಾಗ್ಬೇಕಪಾ, ಮುಂಜಾನೆ ಮುಂಜಾನೆ?"

"ಏನಿಲ್ಲಕ್ಕಾ. ಈ ಕಂಪ್ಯೂಟರ್."

"ಕಂಪ್ಯೂಟರ್ ಪಾಪ ಏನ್ ಮಾಡ್ತು?" ಎಂದು ಅವಳು ಇಣುಕಿ ನೋಡಿದಳು. ಫೋಟೊ ಕಂಡಿತು. ಬಾಯಿ ಓರೆ ಮಾಡಿಕೊಂಡು ನಕ್ಕು ಮತ್ತೆ ಹೆಡ್‌ಫೋನ್ ಏರಿಸಿಕೊಂಡಳು.

ಇವರಿಬ್ಬರದೂ ಗಾಳಿ ಹೇಳುವ ಕೆಲಸ. ಗದಗಿನ ರಕ್ತನಿಧಿಯಿಂದ ಹಳ್ಳಿಯ ಆಸ್ಪತ್ರೆಗಳಿಗೆ ರಕ್ತವನ್ನೂ ಹಾವಿನ ಕಡಿತದ ಮದ್ದನ್ನೂ ಒಯ್ಯುವ ಡ್ರೋನುಗಳು ಕಪ್ಪತಗುಡ್ಡದ ಬಗಲಿಗೇ ಹಾರಬೇಕು. ಅಲ್ಲಿ ಸಾಲಾಗಿ ನಿಂತ ಗಾಳಿಯಂತ್ರಗಳನ್ನು ಜನ ಫ್ಯಾನು ಎನ್ನುತ್ತಾರೆ. ಫ್ಯಾನಿನ ಹಿಂದೆ ಗಾಳಿ ನೆಟ್ಟಗಿರುವುದಿಲ್ಲ, ಸುತ್ತಿಕೊಂಡು ಬರುತ್ತದೆ. ಕಂಬದ ಮೇಲಿನ ಮಾಪಕಗಳು ಅದನ್ನು ಅಳೆದು ಕೊಠಡಿಗೆ ಕಳಿಸುತ್ತವೆ, ಫಕೀರೇಶ ಅದನ್ನು ಬಾಯಿಮಾತಿನಲ್ಲಿ ಪೈಲಟ್ಟಿಗೆ ದಾಟಿಸುತ್ತಾನೆ.

ಇದೆಲ್ಲ ಯಂತ್ರವೇ ಮಾಡಬಹುದಲ್ಲ ಎಂದು ನೀವು ಕೇಳುತ್ತೀರಿ. ಮಾಡುತ್ತಿತ್ತು, ಒಂದು ಕಾಲಕ್ಕೆ. ಪೈಲಟ್ಟು ತಪ್ಪು ತಿರುಗಿಸಿದರೂ ಡ್ರೋನಿನ ಮಿದುಳೇ ಸರಿಪಡಿಸಿಕೊಳ್ಳುತ್ತಿತ್ತು. ಪರೀಕ್ಷೆಗೆ ಎಮ್ಮೆಯನ್ನು ನಿಲ್ಲಿಸಿದ್ದರೂ ಪಾಸಾಗುತ್ತಿತ್ತು. ಆಮೇಲೊಂದು ಬೇಸಿಗೆಯ ಧೂಳುಗಾಳಿಯಲ್ಲಿ ಆ ಮಿದುಳುಗಳೆಲ್ಲ ಒಟ್ಟಿಗೇ ಕುರುಡಾಗಿ, ತುಂಬಿದ ಸಂತೆಯ ಮೇಲೆ ಡ್ರೋನುಗಳು ಉದುರಿದವು. ಕೈಯಲ್ಲಿ ಹಾರಿಸಿ ಉಳಿಸೋಣವೆಂದರೆ ಪೈಲಟ್ಟುಗಳಿಗೆ ಪಳಗಿದ ಕೈಯೇ ಇರಲಿಲ್ಲ. ಜನ ಸತ್ತರು. ಅಂದಿನಿಂದ ಪರೀಕ್ಷೆ ಡ್ರೋನಿಗಲ್ಲ, ಕೈಗೆ. ಹಾಗೆ ಬಂದದ್ದು ಜೊತೆಪಟ್ಟಿ.

ಹಾರಿಸುವವರ ಮುಂಗೈಗೆ ಒಂದು ಪಟ್ಟಿ, ಪರೀಕ್ಷಕನ ಮುಂಗೈಗೆ ಅದರ ಜೊತೆಯದು. ಬೆರಳು ಅಲುಗುವ ಮೊದಲೇ ನರದಲ್ಲಿ ಹೊರಟ ಸುದ್ದಿಯನ್ನು ಮೊದಲ ಪಟ್ಟಿ ಹಿಡಿದು, ನಾಡಿಯ ಬಡಿತವನ್ನೂ ಸೇರಿಸಿ ಎರಡನೆಯದಕ್ಕೆ ಕಳಿಸುತ್ತದೆ. ಆ ಕೈ ಎಲ್ಲಿ ಧೈರ್ಯವಾಗಿ ಹೊರಳಿತು, ಎಲ್ಲಿ ಅಂಜಿತು ಎಂಬುದು ಪರೀಕ್ಷಕನಿಗೆ ತನ್ನ ಕೈಯೊಳಗೇ ತಿಳಿಯುತ್ತದೆ. ಫ್ಯಾನಿನ ಸುಳಿಗೆ ಕೈ ಬಿಗಿಯಾಗುವುದು ಜಾಣತನ, ಪುಕ್ಕಲುತನಕ್ಕೆ ಬಿಗಿಯಾಗುವುದು ತಪ್ಪು. ಎರಡನ್ನೂ ಬೇರೆ ಮಾಡಿ ಗುರುತಿಸಬೇಕಾದರೆ ಪರೀಕ್ಷಕನೂ ಅದೇ ಗಾಳಿಯಲ್ಲಿ ವರ್ಷಗಟ್ಟಲೆ ಹಾರಿಸಿರಬೇಕು. ಹಾಗಾಗಿ ಕಾರವಾರದವನೋ ಕೋಲಾರದವನೋ ಬಂದರೆ ನಡೆಯುವುದಿಲ್ಲ, ಈ ವಲಯದವನೇ ಬೇಕು ಎಂಬುದು ಕಾನೂನು.

ಈ ವಲಯದವನು ಎಂದರೆ ರಾಚಣ್ಣ. ಅವನ ಮೇಲೆ ಫಕೀರೇಶನಿಗೆ ಎರಡು ಸಿಟ್ಟು. ಒಂದು, ಹೆಂಡತಿ ದಾಕ್ಷಾಯಣಿಯನ್ನು ಮದುವೆಗೆಂದು ಮೊದಲು ನೋಡಲು ಬಂದವರು ಈ ಸೊಪ್ಪಿನವರು. ಶಿರಾ ತಿಂದು, ಚಹಾ ಕುಡಿದು, ಹುಡುಗಿ ಒಪ್ಪಿಗೆ ಎಂದೂ ಹೇಳಿಹೋದವರು ಆಮೇಲೆ ಯಾರದೋ ಮಾತು ಕೇಳಿ ಸುಮ್ಮನಾದರು. ಇದನ್ನು ಫಕೀರೇಶನ ಅತ್ತೆ ಒಂದು ದಿನ ಊಟಕ್ಕೆ ಬಡಿಸುತ್ತಾ ನಗುತ್ತಾ ಹೇಳಿದ್ದಳು. ಅಳಿಯ ಅರ್ಧ ತಿಂದ ಹೋಳಿಗೆಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದ. ರಾಚಣ್ಣನಿಗೆ ಈಗ ಹೆಂಡತಿ ಇದ್ದಾಳೆ, ಇಬ್ಬರು ಹೆಣ್ಣುಮಕ್ಕಳಿದ್ದಾರೆ, ಹೊಟ್ಟೆಯೂ ಬಂದಿದೆ. ಅದೆಲ್ಲ ಲೆಕ್ಕಕ್ಕಿಲ್ಲ. ಒಪ್ಪಿಗೆ ಎಂದಿದ್ದನಲ್ಲ!

ಎರಡನೆಯ ಸಿಟ್ಟು ಇನ್ನೂ ಆಳದ್ದು. ಫಕೀರೇಶನೂ ಒಮ್ಮೆ ಪೈಲಟ್ ಪರೀಕ್ಷೆಗೆ ನಿಂತಿದ್ದ, ರಾಚಣ್ಣ ಅವನನ್ನು ಫೇಲು ಮಾಡಿದ್ದ. ಫೇಲು ಮಾಡಿದ್ದರೆ ಹೋಗಲಿ, ಪಟ್ಟಿ ಬಿಚ್ಚುತ್ತಾ ಮೆಲ್ಲಗೆ, "ಮನ್ಯಾಗ ಜಗಳಾಡಿ ಬಂದೀರೇನ್ರಿ?" ಎಂದು ಕೇಳಿಬಿಟ್ಟ. ಆಡಿ ಬಂದಿದ್ದ. ಮಾಳಿಗೆಯ ಮೇಲೆ ನಿಂತು ಯಾರ ಜೊತೆ ಮಾತಾಡುತ್ತಿದ್ದೆ ಎಂದು ದಾಕ್ಷಾಯಣಿಯನ್ನು ಹಿಡಿದು ಕೂರಿಸಿ ಕೇಳಿ ಬಂದಿದ್ದ. ಅಂದೇ ಅವನಿಗೆ ಗೊತ್ತಾಗಿತ್ತು, ಆ ಪಟ್ಟಿಗೆ ಬಾಗಿಲು ಚಿಲಕ ಏನೂ ಇಲ್ಲವೆಂದು.

ಈಗ ಅದೇ ಮನುಷ್ಯ ದಾಕ್ಷಾಯಣಿಯ ನಾಡಿಯನ್ನು ತನ್ನ ಮುಂಗೈಗೆ ಕಟ್ಟಿಕೊಂಡು ಗುಡ್ಡದ ಕೆಳಗೆ ನಿಲ್ಲುತ್ತಾನೆ. ಇಷ್ಟು ವರ್ಷ ಒಂದೇ ಸೂರಿನ ಕೆಳಗಿದ್ದ ಗಂಡನಿಗೆ ತಿಳಿಯದ್ದು ಅವನಿಗೆ ತಿಳಿದುಬಿಡುತ್ತದೆ.

ಸಂಜೆ ಬೆಟಗೇರಿಯ ಮನೆಗೆ ಹೋದರೆ ದಾಕ್ಷಾಯಣಿ ಬಿಸಿಲಿಗೆ ಕೆಂಪಾದ ಮುಖ ಹೊತ್ತು ಆಗಷ್ಟೇ ಬಂದಿದ್ದಳು. ರಕ್ತನಿಧಿಯಲ್ಲಿ ಚೀಲಗಳಿಗೆ ಚೀಟಿ ಅಂಟಿಸುತ್ತಿದ್ದವಳು ಅವಳು. ಕಲಿಕೆ ಪರವಾನಗಿ ತೆಗೆದುಕೊಂಡು, ಹಿರಿಯ ಪೈಲಟ್ಟಿನ ಪಕ್ಕದಲ್ಲಿ ನಿಂತು ಹಾರಿಸುವಷ್ಟಾಗಿದ್ದಳು. ತಿಂಗಳ ಕೊನೆಗೆ ಆ ಪರವಾನಗಿ ಮುಗಿಯುತ್ತದೆ. ಅಷ್ಟರೊಳಗೆ ಪರೀಕ್ಷೆ ಪಾಸಾದರೆ ಪೈಲಟ್ ಹುದ್ದೆ ಅವಳದು. ಆಗದಿದ್ದರೆ ಹುದ್ದೆ ಬೇರೆಯವರ ಪಾಲು, ಅವಳು ಮತ್ತೆ ಚೀಟಿ ಅಂಟಿಸಲು ಹೋಗಬೇಕು.

"ರೀ, ಇವತ್ತ ಶಿರಹಟ್ಟಿಗೆ ರಕ್ತ ಒಯ್ದೆ! ಹೆರಿಗಿ ಕೇಸು. ಫ್ಯಾನಿನ ಹಿಂದ ಬರೋ ಸುಳಿಯೊಳಗ ಹೆಂಗ ತಿರುಗಿಸಿದೆ ಗೊತ್ತೇನು? ಆಮ್ಯಾಗ ನರ್ಸಬಾಯಿ ಫೋನ್ ಮಾಡಿ ಕೂಸು ಅಳೋದು ಕೇಳಿಸಿದ್ಳು!" ಅವಳ ಮುಖ ಅರಳಿತ್ತು. ಆ ಮುಖ ತನ್ನಿಂದಾಗಿ ಅರಳಿದ್ದು ಯಾವಾಗ ಎಂದು ಫಕೀರೇಶ ಲೆಕ್ಕ ಹಾಕಿದ. ಹುಟ್ಟಿದ ಕೂಸಿನ ಮೇಲೂ ಅವನಿಗೆ ಒಂದಿಷ್ಟು ಹೊಟ್ಟೆಕಿಚ್ಚಾಯಿತು, ದೇವರಾಣೆ.

ಅಷ್ಟರಲ್ಲಿ ಅವಳ ಫೋನು ಬಡಿಯಿತು.

"ಯಾರದು?" ಎಂದ ಫಕೀರೇಶ.

ಅವಳು ಸ್ಪೀಕರ್ ಹಾಕಿ ಫೋನನ್ನು ಅವನ ಎದುರಿಗೇ ಕಟ್ಟೆಯ ಮೇಲಿಟ್ಟಳು. ಅವಳ ತವರಿನ ಫೋನು. ಅವ್ವ ಮೊಣಕಾಲುನೋವಿನ ಸುದ್ದಿ ಹೇಳುತ್ತಿದ್ದಳು. ಫಕೀರೇಶ ಪೂರ್ತಿ ಕೇಳಿ, ತೃಪ್ತನಾಗಿ ಕೈಕಾಲು ತೊಳೆಯಲು ಹೋದ. ಹೀಗೆ ಕೇಳುವುದು ಹೆಂಡತಿಯ ಮೇಲಿನ ಕಾಳಜಿ ಎಂದೇ ಅವನು ನಂಬಿದ್ದ.

"ಪರೀಕ್ಷಕರು ಯಾರರ ಸಿಕ್ರೇನ್ರಿ?" ಊಟಕ್ಕೆ ಕೂತಾಗ ಅವಳು ಕೇಳಿದಳು.

"ಹುಡುಕಾಕತ್ತೀನಿ. ಒಬ್ರೂ ಖಾಲಿ ಇಲ್ಲ."

"ಸೊಪ್ಪಿನವರು ಅದಾರಲ್ಲ?"

ಎಷ್ಟು ಸಲೀಸಾಗಿ ಬಾಯಿಗೆ ಬಂತು ನೋಡಿ ಆ ಹೆಸರು! ಫಕೀರೇಶ ರೊಟ್ಟಿಯನ್ನು ಬೇಕಾದ್ದಕ್ಕಿಂತ ಜೋರಾಗಿ ಮುರಿದ. "ಅವನಿಗೆ ಪುರಸೊತ್ತಿಲ್ಲಂತ" ಎಂದು ಹಸಿ ಸುಳ್ಳು ಹೇಳಿದ.

ಸುಳ್ಳು ಹೇಳಿದ ಮೇಲೆ ಅದನ್ನು ನಿಜ ಮಾಡುವ ಪಾಡು ಬೇರೆ. ಮಾಬೂಬಿ ಅಕ್ಕನ ಕಾಲು ಹಿಡಿದದ್ದಕ್ಕೆ ಅವಳು, "ಮುಂಡರಗ್ಯಾಗ ಬೂದಿಹಾಳ ಮಾಸ್ತರ್ ಅದಾರ ನೋಡು. ಕೆಲಸ ಬಿಟ್ಟಾರಂತ ಪುಟದಾಗ ಹೆಸರಿಲ್ಲ, ಆದ್ರ ಅವರ ಸರ್ಟಿಫಿಕೇಟಿಗೆ ಇನ್ನೂ ಜೀವ ಐತಿ" ಎಂದಳು. ಬರುವ ರಜೆಯ ದಿನವೇ ಫಕೀರೇಶ ಮುಂಡರಗಿಯ ಬಸ್ಸು ಹತ್ತಿದ.

ಬೂದಿಹಾಳ ಮಾಸ್ತರು ಪಡಸಾಲೆಯಲ್ಲಿ ಕುಳಿತು ಎಡಗೈಯಿಂದ ಶೇಂಗಾ ಸುಲಿಯುತ್ತಿದ್ದರು. ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಫಕೀರೇಶ ನಮಸ್ಕಾರ ಮಾಡಿ, ಬಂದ ಕೆಲಸ ಹೇಳಿದ.

"ಅಲ್ಲೋ ತಮ್ಮಾ, ನನಗ ಪಾರ್ಶ್ವವಾಯು ಹೊಡದು ಈ ಕೈ ಸತ್ತು ಹೋಗೇತಿ. ಇದಕ್ಕ ಪಟ್ಟಿ ಕಟ್ಟಿದ್ರ ಏನ್ ತಿಳೀತೈತಿ?"

"ಎಡಗೈಗೆ ಕಟ್ಟಿಕೊಂಡ್ರಾತಲ್ರಿ."

"ಎಡಗೈ ಎಂದಾದ್ರೂ ಡ್ರೋನ್ ಹಾರಿಸೇತೇನು? ಅದಕ್ಕ ಶೇಂಗಾ ಸುಲಿಯಾಕ ಬರ್ತೈತಿ, ಅಷ್ಟ." ಮುದುಕರು ಒಂದು ಹಿಡಿ ಶೇಂಗಾ ಅವನ ಅಂಗೈಗೆ ಸುರಿದರು. "ರಾಚಣ್ಣ ಅದಾನಲ್ಲ, ಗದಗಿನ್ಯಾಗ? ಬಂಗಾರದಂಥಾ ಕೈ ಅವನ್ದು."

"ಅವನು ಬ್ಯಾಡ್ರಿ."

"ಯಾಕ?"

ಫಕೀರೇಶ ತೊದಲಿದ. ಅವನು ಸರಿಯಿಲ್ಲ ಎಂದ, ಪುರಸೊತ್ತಿಲ್ಲ ಎಂದ. ಕಡೆಗೆ, "ಹೆಣ್ಣುಮಗಳು ನೋಡ್ರಿ... ನೀವಾದ್ರ ಹಿರಿಯರು. ಏನೂ ತಿಳೀದಿದ್ರೂ ನಡೀತೈತ್ರಿ, ಸಹಿ ಹಾಕಿದ್ರ ಸಾಕು" ಎಂದುಬಿಟ್ಟ.

ಮುದುಕರ ಕೈ ಶೇಂಗಾದ ಮೇಲೆ ನಿಂತಿತು. "ಏನೂ ತಿಳೀದವನು ಬೇಕಾಗ್ಯಾನ ನಿನಗ? ಹಂಗಾದ್ರ ಹಿತ್ತಲದಾಗ ಒಗೆಯೋ ಕಲ್ಲು ಐತಿ, ಅದಕ್ಕ ಪಟ್ಟಿ ಕಟ್ಟು ಹೋಗು. ನನ್ನ ಸಹಿ ನಂಬಿ ನಾಳೆ ಆಕಿ ಡ್ರೋನ್ ಯಾರ ತಲೀ ಮ್ಯಾಲೆ ಬಿದ್ರ ನಿಮ್ಮಪ್ಪ ಬರ್ತಾನೇನು?" ಎಂದು ಬೈದು, ಒಳಗಿದ್ದ ಮಗಳಿಗೆ "ಇವನಿಗೆ ಚಹಾ ಕೊಟ್ಟು ಕಳಸವಾ" ಎಂದು ಕೂಗಿದರು. ಬೈಗುಳ ತಿಂದ ಬಾಯಿಗೆ ಆ ಚಹಾ ಕಹಿಯಾಗಿತ್ತು, ಆದರೂ ಬಿಡಲಾಗದೆ ಕುಡಿದ.

ಮನೆಗೆ ಬಂದರೆ ದಾಕ್ಷಾಯಣಿ ಹೊಸ್ತಿಲಲ್ಲೇ ನಿಂತಿದ್ದಳು.

"ಸೊಪ್ಪಿನವರಿಗೆ ನಾನ ಫೋನ್ ಮಾಡಿದೆ" ಎಂದಳು. "ಗುರುವಾರ ಬರ್ರಿ ಅಂದ್ರು. ಅವರನ್ನ ಯಾರೂ ಕೇಳೇ ಇಲ್ಲಂತ, ಪುರಸೊತ್ತೂ ಐತಂತ."

ಸಿಕ್ಕಿಬಿದ್ದವನಿಗೆ ನಾಚಿಕೆಯಾಗಬೇಕಿತ್ತು. ಫಕೀರೇಶನಿಗೆ ಬಂದದ್ದು ಸಿಟ್ಟು. "ಅವನ ನಂಬರ್ ನಿನ್ನ ಹತ್ರ ಹೆಂಗ ಬಂತು?"

"ಆ ಪುಟದಾಗ ಐತಲ್ರಿ, ಎಲ್ಲಾರಿಗೂ ಕಾಣಂಗ."

"ಏನ್ ಮಾತಾಡಿದ್ರಿ?"

"ಗುರುವಾರ ಬರ್ತೀನಿ ಅಂದೆ."

"ಅಷ್ಟನಾ?"

"ಅಷ್ಟ."

"ನಿನ್ನ ನಾಡಿ ಅವನ ಕೈಯಾಗ ಇರ್ತೈತಿ, ಗೊತ್ತೈತಿಲ್ಲೋ? ನಿನ್ನ ಮನಸ್ಸಿನ್ಯಾಗ ಏನೈತಿ ಅಂತ ಅವನಿಗೆ ತಿಳೀತೈತಿ. ನಾಚಿಕಿ ಅನ್ಸೂದಿಲ್ಲ ನಿನಗ?" ಫಕೀರೇಶ ಚೊಂಬನ್ನು ಕಟ್ಟೆಯ ಮೇಲೆ ಕುಕ್ಕಿದ. ಅದು ಉರುಳಿ ಅಂಗಳದವರೆಗೆ ಹೋಯಿತು. ದಾಕ್ಷಾಯಣಿ ಹೋಗಿ ಚೊಂಬು ತಂದು, ತೊಳೆದು, ಅದರ ಜಾಗದಲ್ಲಿಟ್ಟಳು. ಗುರುವಾರದವರೆಗೆ ಇಬ್ಬರ ನಡುವೆ ಊಟ, ನೀರು, ಬೀಗದ ಕೈ ಬಿಟ್ಟರೆ ಬೇರೆ ಮಾತಿರಲಿಲ್ಲ.

ಗುರುವಾರ ಪರೀಕ್ಷೆಗೆ ಗಾಳಿ ಹೇಳುವ ಪಾಳಿ ಮಾಬೂಬಿ ಅಕ್ಕನದು. ಫಕೀರೇಶ ಅಂಗಲಾಚಿ ಅದನ್ನು ತನ್ನದು ಮಾಡಿಕೊಂಡ. ಪರೀಕ್ಷಕನು ಅಭ್ಯರ್ಥಿಯ ಸಂಬಂಧಿಯಾಗಿರಕೂಡದು ಎಂದು ಕಾನೂನಿದೆ, ಗಾಳಿ ಹೇಳುವವನ ವಿಚಾರ ಯಾರಿಗೂ ಹೊಳೆದಿರಲಿಲ್ಲ. "ಹೆಂಡ್ತಿಗೆ ಧೈರ್ಯ ತುಂಬಾಕೇನು?" ಎಂದು ಮಾಬೂಬಿ ಅಕ್ಕ ಕೇಳಿದಳು. "ಹೂಂ" ಎಂದ. ಅವಳು ಕುರ್ಚಿ ಬಿಟ್ಟುಕೊಟ್ಟರೂ ಕೊಠಡಿ ಬಿಡಲಿಲ್ಲ. ಹಿಂದೆ ಸ್ಟೂಲ್ ಹಾಕಿಕೊಂಡು ಕೂತಳು.

ಪರದೆಯ ಮೇಲೆ ಎರಡು ಗೆರೆಗಳು ಮೂಡಿದವು. ಹಸಿರು ಗೆರೆ ದಾಕ್ಷಾಯಣಿಯ ಕೈಯದು, ಕಿತ್ತಳೆ ಬಣ್ಣದ್ದು ರಾಚಣ್ಣನದು. ಹಸಿರು ಏರಿದರೆ ಕಿತ್ತಳೆಯೂ ಏರುತ್ತಿತ್ತು, ಇಳಿದರೆ ಇಳಿಯುತ್ತಿತ್ತು. ಪಟ್ಟಿಯ ಕೆಲಸವೇ ಅದು ಎಂದು ಫಕೀರೇಶನಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದರೇನು? ಎರಡು ಗೆರೆ ಹೀಗೆ ಒಂದಕ್ಕೊಂದು ಹತ್ತಿಕೊಂಡು ಹೋಗುವುದನ್ನು ನೋಡುತ್ತಾ ಅವನ ಕಿವಿ ಬಿಸಿಯಾದವು. ಇಷ್ಟು ಹೊಂದಿಕೊಂಡು ತಾವಿಬ್ಬರೂ ಒಂದು ದಿನವಾದರೂ ನಡೆದಿದ್ದೇವೆಯೇ ಎಂದುಕೊಂಡ.

ಡ್ರೋನು ಮೊದಲ ಫ್ಯಾನಿನ ಹತ್ತಿರ ಬಂತು. ಫಕೀರೇಶ ಗುಂಡಿ ಒತ್ತಿದ. "ಪಡುವಣ ಗಾಳಿ, ಜೋರೈತಿ. ಹಿಂದ ಸುಳಿ ಐತಿ, ನೋಡ್ಕೊ."

ಹಸಿರು ಗೆರೆ ಚಂಗನೆ ಹಾರಿತು. ಕೆಳಗೆ ಒಂದು ಕೆಂಪು ದೀಪ ಹತ್ತಿತು. ತಡವರಿಕೆ. ಪರೀಕ್ಷೆಯಲ್ಲಿ ಎರಡು ತಡವರಿಕೆಗೆ ಮಾಫಿ ಇದೆ, ಮೂರನೆಯದಕ್ಕೆ ಫೇಲು.

'ನೋಡು, ಪಕ್ಕದಾಗ ಅವನು ನಿಂತಿದ್ದಕ್ಕ ಕೈ ನಡುಗಾಕತ್ತೇತಿ' ಎಂದುಕೊಂಡ ಫಕೀರೇಶ. ಸಂಕಟವೂ ಆಯಿತು, ತನ್ನ ಅನುಮಾನ ನಿಜವಾಯಿತೆಂಬ ಕೆಟ್ಟ ಸಮಾಧಾನವೂ ಆಯಿತು. ಗೆರೆ ಇಳಿದು ಮತ್ತೆ ನಯವಾಗಿ ಸಾಗಿತು. ಫ್ಯಾನಿನ ಸುಳಿಯೊಳಗೆ ಹೊಕ್ಕಾಗ ಒಂದಿಷ್ಟೂ ಅಲುಗಲಿಲ್ಲ. ಅದು ಅವನಿಗೆ ವಿಚಿತ್ರವೆನಿಸಿತು, ಆದರೆ ಹೆಚ್ಚು ಯೋಚಿಸಲಿಲ್ಲ.

ಎರಡನೆಯ ಫ್ಯಾನು. "ಗಾಳಿ ದಿಕ್ಕು ಬದಲಾಗೇತಿ. ಎಡಕ್ಕ ಎಳೀತೈತಿ." ಗೆರೆ ಮತ್ತೆ ಹಾರಿತು, ಮೊದಲಿಗಿಂತ ಮೇಲೆ. ಎರಡನೆಯ ದೀಪ.

"ಅವನು ಆಕೀಗೆ ಏನೋ ಅನ್ನಾಕತ್ತಾನ" ಎಂದು ಫಕೀರೇಶ ಹಲ್ಲು ಕಡಿದ. ಅವರಿಬ್ಬರೂ ನಿಂತಿದ್ದ ಗುಡ್ಡದ ಕೆಳಗಿನ ಮೈದಾನದ ಲೈನನ್ನು ತೆರೆದು ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡ. ಹೀಗೆ ಕದ್ದು ಕೇಳುವುದು ನಿಯಮಕ್ಕೆ ವಿರುದ್ಧ. ಹಿಂದಿನಿಂದ ಮಾಬೂಬಿ ಅಕ್ಕ "ಏ ಫಕೀರಾ" ಎಂದು ಗದರಿದ್ದೂ ಅವನಿಗೆ ಕೇಳಲಿಲ್ಲ.

ಲೈನಿನಲ್ಲಿ ರಾಚಣ್ಣನ ಸದ್ದೇ ಇರಲಿಲ್ಲ. ಗಾಳಿ ಬೀಸುತ್ತಿತ್ತು. ಗಾಳಿಯ ನಡುವೆ ಯಾರೋ ಮೆಲ್ಲಗೆ ಗುನುಗುತ್ತಿದ್ದರು. ಮಾತಿಲ್ಲದ, ಸುಮ್ಮನೆ ಏರಿಳಿಯುವ ಗುನುಗು. ಅದು ದಾಕ್ಷಾಯಣಿ ಎಂದು ತಿಳಿಯಲು ಅವನಿಗೆ ಹೊತ್ತು ಹಿಡಿಯಿತು. ಮದುವೆಯಾದಾಗಿನಿಂದ ಅವಳು ಗುನುಗಿದ್ದನ್ನು ಅವನು ಕೇಳಿಯೇ ಇರಲಿಲ್ಲ. ಹೆಂಡತಿಗೆ ಈ ಅಭ್ಯಾಸ ಇದೆಯೆಂಬುದೇ ಅವನಿಗೆ ಗೊತ್ತಿರಲಿಲ್ಲ.

ಕೈ ತಪ್ಪಿ ಅವನ ಹೆಬ್ಬೆರಳು ಮಾತಾಡುವ ಗುಂಡಿಗೆ ತಾಗಿತು. ಅತ್ತ ಕಡೆ 'ಟಕ್' ಎಂದಿರಬೇಕು. ಗುನುಗು ಕತ್ತರಿಸಿದ ಹಾಗೆ ನಿಂತಿತು. ಹಸಿರು ಗೆರೆ ಹೆಡೆಯೆತ್ತಿ, ಮೂರನೆಯ ದೀಪದ ಅಂಚಿನವರೆಗೂ ಏರಿ, ಅವನು ಏನೂ ಅನ್ನಲಿಲ್ಲವಾದ್ದರಿಂದ ಮೆಲ್ಲಗೆ ಕೆಳಗಿಳಿಯಿತು. ಸ್ವಲ್ಪ ಹೊತ್ತಿನ ಮೇಲೆ ಗುನುಗು ಮತ್ತೆ ಶುರುವಾಯಿತು.

ಆಗ ಬೇರೆ ಲೈನಿನಲ್ಲಿ ರಾಚಣ್ಣ ಬಂದ, ದನಿ ತಗ್ಗಿಸಿ. "ಫಕೀರೇಶ ಅವರ, ತಪ್ಪು ತಿಳ್ಕೋಬ್ಯಾಡ್ರಿ. ಗಾಳಿ ಹೇಳೋರನ್ನ ಬದಲ ಮಾಡ್ರಿ."

"ಯಾಕ್ರಿ?"

"ಇವರ ಕೈ ಗಾಳಿಗೆ ಅಂಜೂದಿಲ್ಲ. ಇಂಥಾ ಕೈ ನಾ ನೋಡಿಲ್ಲ. ನಿಮ್ಮ ದನಿ ಬಂದ ಕೂಡ್ಲೆ ಅಂಜತೈತಿ. ಅದು ಮನೀ ವಿಷಯ, ನಾ ಕೇಳೂದಿಲ್ಲ, ಯಾರ ಮುಂದೂ ಹೇಳೂದಿಲ್ಲ. ಇನ್ನೊಂದು ಸಲ ಹಂಗಾದ್ರ ನನಗ ಫೇಲು ಮಾಡಬೇಕಾಗ್ತೈತಿ, ಅಷ್ಟ."

ಲೈನು ಬಂದಾಯಿತು. ಫಕೀರೇಶ ಪರದೆ ನೋಡಿದ. ಡ್ರೋನು ಗುಡ್ಡದ ತಿರುವಿಗೆ ಬರುತ್ತಿತ್ತು, ಗಾಳಿ ಹೇಳುವ ಹೊತ್ತು. ಇಷ್ಟು ದಿನ ಅವನು ಹುಡುಕಿದ್ದು ಅವಳ ನಾಡಿಯಲ್ಲಿ ಇನ್ನೊಬ್ಬ ಗಂಡಸನ್ನು. ಅಲ್ಲಿ ಸಿಕ್ಕವನು ತಾನೇ, ಅದೂ ಹೀಗೆ. ಇದಕ್ಕಿಂತ ಅವಳು ರಾಚಣ್ಣನನ್ನೇ ಬಯಸಿದ್ದರೆ ಸಹಿಸಬಹುದಿತ್ತು ಎನ್ನಿಸಿ ಅವನಿಗೆ ಅಳು ಒತ್ತರಿಸಿ ಬಂತು.

ಇನ್ನೊಂದು ಕೆಟ್ಟ ಯೋಚನೆಯೂ ಬಂತು, ಸುಳ್ಳೇಕೆ ಹೇಳಬೇಕು. ಒಂದೇ ಒಂದು ಮಾತು ಹೇಳಿದರೆ ಸಾಕು. ಅದು ಅವನ ಡ್ಯೂಟಿಯೇ, ಯಾರೂ ಬೆರಳು ತೋರಿಸುವಂತಿಲ್ಲ. ಮೂರನೆಯ ದೀಪ ಹತ್ತುತ್ತದೆ. ಹುದ್ದೆ ಹೋಗುತ್ತದೆ, ಜೊತೆಪಟ್ಟಿ ಹೋಗುತ್ತದೆ, ಅವಳು ಚೀಟಿ ಅಂಟಿಸಿ ಸಂಜೆ ಹೊತ್ತಿಗೆ ಮನೆಗೆ ಬರುತ್ತಾಳೆ. ಹೆಬ್ಬೆರಳು ಗುಂಡಿಯ ಮೇಲೇ ಇತ್ತು.

ಕಿವಿಯಲ್ಲಿ ಗುನುಗು ಏರುತ್ತಿತ್ತು. ಎಷ್ಟು ಚೆಂದವಿತ್ತು! ಬಾಯಿ ತೆಗೆದರೆ ಅದು ನಿಲ್ಲುತ್ತದೆ. ಅದು ಇನ್ನೊಂದಿಷ್ಟು ಹೊತ್ತು ಮುಂದುವರಿಯಲಿ ಎಂಬ ಆಸೆ ಅವನ ಸಿಟ್ಟಿಗಿಂತ ದೊಡ್ಡದಾಯಿತು.

ಹೆಡ್‌ಫೋನ್ ತೆಗೆದು ಹಿಂದಕ್ಕೆ ಚಾಚಿದ. "ಅಕ್ಕಾ, ನೀವು ಹೇಳ್ರಿ."

ಮಾಬೂಬಿ ಅಕ್ಕ ಅವನ ಮುಖವನ್ನೊಮ್ಮೆ ನೋಡಿ ಕುರ್ಚಿಗೆ ಬಂದಳು. "ದಾಕ್ಷಾಯಣಿ, ನಾ ಮಾಬೂಬಿ. ತಿರುವಿನ್ಯಾಗ ಕೆಳಗಿಂದ ಎತ್ತತೈತಿ ಗಾಳಿ. ಆರಾಮ ತಿರುಗಿಸವಾ" ಎಂದಳು. ಹಸಿರು ಗೆರೆ ಎಣ್ಣೆ ಹಚ್ಚಿದಂತೆ ತಿರುವಿನಲ್ಲಿ ಸಾಗಿ ಹೋಯಿತು. ಕಿತ್ತಳೆ ಗೆರೆಯೂ ಅದರ ಹಿಂದೆಯೇ ಹೋಯಿತು. ಫಕೀರೇಶ ಗೋಡೆಗೆ ಒರಗಿ ನಿಂತು ಪರೀಕ್ಷೆ ಮುಗಿಯುವವರೆಗೂ ನೋಡಿದ. ಪರದೆಯ ಮೇಲೆ 'ಉತ್ತೀರ್ಣ' ಎಂದು ಬಂದಾಗ ಕೊಠಡಿಯವರೆಲ್ಲ ಚಪ್ಪಾಳೆ ತಟ್ಟಿದರು, ಅವನೂ ತಟ್ಟಿದ.

ಸಂಜೆ ಪೇಡೆಯ ಪೊಟ್ಟಣ ಹಿಡಿದು ಮನೆ ಕಡೆ ನಡೆದ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡ. ತಪ್ಪಾಯಿತು ಎನ್ನಬೇಕು. ಮುಂಡರಗಿಗೆ ಹೋದದ್ದನ್ನೂ ಹೇಳಿಬಿಡಬೇಕು. ಮುದುಕರ ಒಗೆಯೋ ಕಲ್ಲಿನ ಮಾತು ಹೇಳಿದರೆ ಅವಳು ನಕ್ಕರೂ ನಕ್ಕಾಳು.

ಓಣಿ ತಿರುಗುತ್ತಿದ್ದಂತೆ ಅಡುಗೆಮನೆಯ ಕಿಟಕಿಯಿಂದ ಅದೇ ಗುನುಗು ಕೇಳಿಸಿತು. ಕಿಟಕಿಯ ಕೆಳಗೆ ಬುಟ್ಟಿ ಇಳಿಸಿದ್ದ ಪಲ್ಲೆ ಮಾರುವವಳು, "ಯಕ್ಕಾ, ಮೆಂತೆ ಪಲ್ಲೆ ಕೊಡ್ಲೇನು?" ಎಂದಳು. "ಎರಡು ಸಿವುಡು ಇಡವಾ" ಎಂದ ದಾಕ್ಷಾಯಣಿ ಅಷ್ಟಕ್ಕೆ ಮಾತ್ರ ನಿಂತು, ಬಿಟ್ಟಲ್ಲಿಂದಲೇ ಗುನುಗುತ್ತಾ ಹೋದಳು. ರೊಟ್ಟಿ ಬಡಿಯುವ ಸದ್ದೂ ತಾಳಕ್ಕೆ ಸರಿಯಾಗಿ ಬರುತ್ತಿತ್ತು. ಎದುರುಮನೆಯ ಹುಡುಗರು ಕೂಗಾಡಿದರು, ಒಂದು ಮೋಟಾರ್ ಸೈಕಲ್ ಹೋಯಿತು, ಗುನುಗು ನಿಲ್ಲಲಿಲ್ಲ. ಆ ಪಲ್ಲೆಯವಳ ಮೇಲೆ ಫಕೀರೇಶನಿಗೆ ಬಂದಂಥ ಹೊಟ್ಟೆಕಿಚ್ಚು ರಾಚಣ್ಣನ ಮೇಲೂ ಎಂದೂ ಬಂದಿರಲಿಲ್ಲ.

ಪೊಟ್ಟಣವನ್ನು ಎದೆಗವಚಿಕೊಂಡು ಸದ್ದಾಗದಂತೆ ಮೆಟ್ಟಿಲ ಹತ್ತಿರ ಬಂದ. ಬಗ್ಗಿ, ಎಡಗಾಲಿನ ಚಪ್ಪಲಿ ಬಿಟ್ಟ. ಬಲಗಾಲಿನ ಚಪ್ಪಲಿ ಹಾಸುಗಲ್ಲಿಗೆ ತಾಗಿ ಸಣ್ಣಗೆ ಸದ್ದಾಯಿತು.

ಒಳಗೆ ಗುನುಗು ನಿಂತಿತು. ರೊಟ್ಟಿಯ ಸದ್ದೂ ನಿಂತಿತು. ಅವನಿನ್ನೂ ಬಾಯಿ ತೆಗೆದಿರಲಿಲ್ಲ.